ಹಿತ್ತಾಳೆ ಬಕೆಟ್ಟಿನ ಮಾಂಟಿ

“ಮೇಡಂ, ನಮ್ ತಾತ ಮೂರು ಎಕರೆ ಹೊಲ ಉಳ್ತಿದ್ರು. ಈ ಒಂದು ಪಾಟ್ ಯಾವ ಲೆಕ್ಕ!”

ಅರ್ಪಿತ ಇದನ್ನು ಕೂತೇ ಹೇಳಬಹುದಿತ್ತು. ಆದರೆ ಬೆಂಚು ಹತ್ತಿ ನಿಂತು ಹೇಳಿದಳು. ಐದನೇ ಕ್ಲಾಸಿನ ಬಿ ಸೆಕ್ಷನ್ ಪೂರ್ತಿ ತಿರುಗಿ ನೋಡಿತು.

ವಿಷಯ ಇಷ್ಟೇ. ಮರುದಿನದಿಂದ ದಸರಾ ರಜೆ. ಕಿಟಕಿ ಪಕ್ಕದ ಮಾಂಟಿಯನ್ನು ಯಾರು ಮನೆಗೆ ಕರೆದುಕೊಂಡು ಹೋಗಬೇಕು? ಮಾಂಟಿ ಎಂದರೆ ನಾಯಿಮರಿಯಲ್ಲ, ಕ್ಲಾಸಿನ ಮಾನ್‌ಸ್ಟೆರಾ ಗಿಡ. ಅಗಲವಾದ ಐದು ಎಲೆ. ಎಲೆ ತುಂಬ ಕತ್ತರಿಯಲ್ಲಿ ಕತ್ತರಿಸಿದಂಥ ತೂತು, ಸೀಳು. ನಡುವೆ ಆರನೆಯ ಎಲೆ ಇನ್ನೂ ಬಿಗಿಯಾಗಿ ಸುರುಳಿ ಸುತ್ತಿಕೊಂಡಿತ್ತು. ಅದು ಬಿಚ್ಚಿಕೊಂಡಾಗ ಎಷ್ಟು ತೂತು ಇರುತ್ತವೆ ಅಂತ ಇಡೀ ಕ್ಲಾಸು ಕಾಯುತ್ತಿತ್ತು.

ತ್ಯಾಗರಾಜನಗರದಿಂದ ವ್ಯಾನಿನಲ್ಲಿ ಬರುವ ನಚಿಕೇತನಿಗೂ ಮಾಂಟಿ ಬೇಕಿತ್ತು. ಅವನು ಸ್ಕೆಚ್ ಪೆನ್ನಿನಲ್ಲಿ ಒಂದು ಚಾರ್ಟನ್ನೇ ಬರೆದು ತಂದಿದ್ದ.

“ಮೇಡಂ, ಬೆರಳು ಚುಚ್ಚಿ ನೋಡ್ಬೇಕು. ಮಣ್ಣು ಒಣಗಿದ್ರೆ ಮಾತ್ರ ನೀರು. ವಾರಕ್ಕೆ ಒಂದ್ಸಲ ಸಾಕು. ನಾನು ಎಲ್ಲಾ ರಿಸರ್ಚ್ ಮಾಡಿದೀನಿ.”

“ನೀರು ಹಾಕೋಕೂ ರಿಸರ್ಚಾ?” ಎಂದು ಅರ್ಪಿತ ಕಿಸಕ್ಕನೆ ನಕ್ಕಳು.

ಗಿರಿಜಾದೇವಿ ಮೇಡಂಗೆ ಚಾರ್ಟಿಗಿಂತ ಮೂರು ಎಕರೆ ದೊಡ್ಡದಾಗಿ ಕಂಡಿತು. “ಸರಿ, ರೈತರ ಮನೆಗೇ ಹೋಗ್ಲಿ. ಹುಷಾರು ಪುಟ್ಟಾ, ಇದು ಎಲ್ಲರ ಗಿಡ” ಎಂದರು.

ನಚಿಕೇತ ಮುಖ ಊದಿಸಿಕೊಂಡ. ಆದರೂ ಚಾರ್ಟನ್ನು ಅವಳ ಕೈಗೆ ತುರುಕಿದ. ಅವಳು ಅದನ್ನು ನಾಲ್ಕು ಮಡಿಕೆ ಮಡಿಚಿ ಜಾಮೆಟ್ರಿ ಬಾಕ್ಸಿನ ತಳಕ್ಕೆ ಹಾಕಿದಳು.

ಅರ್ಪಿತಳ ಮನೆ ಅಂಜನಾಪುರದಲ್ಲಿ. ತಾತ ತಿಮ್ಮರಾಯಪ್ಪನವರು ಉಳುತ್ತಿದ್ದ ಮೂರು ಎಕರೆಯೂ ಅಲ್ಲೇ ಇತ್ತು. ಈಗ ಅದರ ಮೇಲೆ ಟಾರು ರೋಡು, ಸಾಲು ಮನೆ, ಒಂದು ಜಿಮ್ಮು ಇವೆ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಜನ ಬೆಳಗಾಗೆದ್ದು ಟ್ರೆಡ್‌ಮಿಲ್ ಮೇಲೆ ಓಡುತ್ತಾರೆ, ಓಡಿದರೂ ನಿಂತಲ್ಲೇ ಇರುತ್ತಾರೆ. ಮಣ್ಣು ಅಂತ ಅವರ ಮನೆಯಲ್ಲಿ ಕಂಡದ್ದು ಎಷ್ಟೋ ವರ್ಷದ ಮೇಲೆ, ಮಾಂಟಿಯ ಪಾಟಿನಲ್ಲೇ.

ಅಜ್ಜಿ ಮುನಿಲಕ್ಷ್ಮಮ್ಮ ಗಿಡವನ್ನು ನೋಡಿದ್ದೇ ಕೆನ್ನೆಗೆ ಕೈ ಹಚ್ಚಿಕೊಂಡರು. “ಅಯ್ಯೋ! ಎಲೆಯೆಲ್ಲಾ ಹುಳ ತಿಂದ್ಬುಟ್ಟದೆ ಕಣಮ್ಮಿ!”

“ಹುಳ ಅಲ್ಲ ಅಜ್ಜಿ. ಅದರ ಎಲೇನೇ ಹಂಗೆ. ಡಿಸೈನ್.”

“ಡಿಸೈನಂತೆ! ಪಾಪ, ಉಪವಾಸ ಬಿದ್ದಿರೋ ಗಿಡ. ನೀರು ನಿಡಿ ಯಾರೂ ನೋಡಿಲ್ಲ.”

ಅಜ್ಜಿಯ ಕಣ್ಣಿಗೆ ಲೋಕದಲ್ಲಿ ಎಲ್ಲರೂ ಉಪವಾಸವೇ. ಆ ದಿನ ರಾತ್ರಿ ಊಟಕ್ಕೆ ಕೂತಾಗ ಅರ್ಪಿತ “ಸಾಕು” ಅಂತ ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಇಟ್ಟಳು. ಅಜ್ಜಿ ಬೆರಳ ಸಂದಿಯಲ್ಲೇ ಸಾರು ಬಿಟ್ಟರು.

ಪ್ಲಾಸ್ಟಿಕ್ ಪಾಟು ನೋಡೋಕೆ ಲಕ್ಷಣವಿಲ್ಲ ಅಂತ ಅಜ್ಜಿಯೇ ಅದನ್ನು ತಮ್ಮ ಹಿತ್ತಾಳೆ ಬಕೆಟ್ಟಿನೊಳಗೆ ಇಳಿಸಿದರು. ಟೀವಿ ಪಕ್ಕ ಮಾಂಟಿ ಮದುವೆ ಗಂಡಿನ ಹಾಗೆ ಕೂತ.

ಅರ್ಪಿತ ದಿನಾ ಹಲ್ಲುಜ್ಜಿದ ಮೇಲೆ ಒಂದು ಮಗ್ ನೀರು ಹಾಕಿದಳು. ರೈತರ ಮೊಮ್ಮಗಳು, ಕೇಳಬೇಕೆ! ಅವಳು ಹಾಕಿದ್ದನ್ನು ಯಾರೂ ನೋಡಲಿಲ್ಲ. ಬೇರೆಯವರು ಹಾಕಿದ್ದನ್ನು ಅವಳೂ ನೋಡಲಿಲ್ಲ.

ಐದನೆಯ ದಿನ ಒಂದು ಎಲೆ ಹಳದಿಯಾಯಿತು. ಅರ್ಪಿತ ಬಾಯಾರಿಕೆ ಇರಬೇಕು ಎಂದುಕೊಂಡು ಎರಡು ಮಗ್ ಹಾಕಿದಳು. ಏಳನೆಯ ದಿನ ಇನ್ನೆರಡು ಎಲೆ ಜೋತುಬಿದ್ದವು. ಅವಳು ಮೂರು ಮಗ್ ಹಾಕಿದಳು. ನಚಿಕೇತನ ಊದಿದ ಮುಖ ಕಣ್ಣ ಮುಂದೆ ಬಂತು. ಆ ಮುಖ ಈಗ ನಗುತ್ತಿತ್ತು. ಅವಳಿಗೆ ಊಟ ಸೇರಲಿಲ್ಲ.

ಆಯುಧ ಪೂಜೆಯ ಬೆಳಿಗ್ಗೆ ಅಮ್ಮ ಹಿತ್ತಾಳೆ ಸಾಮಾನೆಲ್ಲ ಒಟ್ಟು ಹಾಕಿ, ಹುಣಸೆಹಣ್ಣು ಹಾಕಿ ತಿಕ್ಕಲು ಕೂತರು. ಬಕೆಟ್ಟೂ ಬೇಕಲ್ಲ ಅಂತ ಅದರೊಳಗಿನ ಪಾಟನ್ನು ಮೇಲೆತ್ತಿದರು.

“ಥೂ! ಏನಿದು ವಾಸನೆ!”

ಬಕೆಟ್ಟಿನಲ್ಲಿ ಅರ್ಧದವರೆಗೆ ಕಪ್ಪು ನೀರು ನಿಂತಿತ್ತು. ಒಂದೆರಡು ಸೊಳ್ಳೆ ಗುಂಯ್ ಎಂದು ಹೊರಬಂದವು.

“ಯಾರು ಇಷ್ಟು ನೀರು ಹಾಕಿದ್ದು?” ಅಮ್ಮ ಕೂಗಿದರು. “ತೂತಿಲ್ಲದ ಬಕೆಟ್ಟು. ನೀರು ಹೋಗೋದಾದ್ರೂ ಎಲ್ಲಿಗೆ?”

“ನಾನು ಬರೀ ಒಂದು ಮಗ್ಗು...” ಅರ್ಪಿತ ತೊದಲಿದಳು. “ಆಮೇಲೆ ಮೂರು.”

“ನಾನೇನು ನೀರು ಹಾಕ್ಲಿಲ್ಲಪ್ಪ” ಎಂದರು ಅಜ್ಜಿ. “ಅಕ್ಕಿ ತೊಳೆದಿದ್ದು ಅಷ್ಟೆ. ಅದರಲ್ಲಿ ಸತ್ವ ಇರ್ತದೆ.”

ಕಾರು ತೊಳೆಯುತ್ತಿದ್ದ ಅಪ್ಪ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡರು. “ಆಫೀಸಿಂದ ಬಂದಾಗ ಬಾಟ್ಲಲ್ಲಿ ಮಿಕ್ಕಿರುತ್ತಲ್ಲಾ... ವೇಸ್ಟ್ ಯಾಕೆ ಅಂತ.”

ಎಲ್ಲರೂ ತಾತನ ಕಡೆ ತಿರುಗಿದರು. ತಾತ ಕಿಟಕಿಯಾಚೆ ಜಿಮ್ಮಿನ ಬೋರ್ಡನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದರು.

“ರೀ, ನೀವೂನಾ?” ಎಂದರು ಅಜ್ಜಿ.

“ಬೆಳಿಗ್ಗೆ ಒಂದು ಚೊಂಬು” ಎಂದರು ತಾತ, ಸಣ್ಣ ದನಿಯಲ್ಲಿ. “ಮಣ್ಣಿಗೆ ನೀರು ಬಿಟ್ಟಾಗ ಒಂದು ವಾಸನೆ ಬರ್ತದಲ್ಲ. ಅದಕ್ಕೋಸ್ಕರ.”

ಆಮೇಲೆ ಅಮ್ಮನೇ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, “ನಾನೂ ದೇವರ ಕಳಶದ ನೀರು... ಸಿಂಕಿಗೆ ಚೆಲ್ಲಬಾರ್ದಲ್ಲಾ” ಎಂದರು.

ಅರ್ಪಿತ ಜೋರಾಗಿ ಅತ್ತಳು. “ಅದು ನಮ್ದಲ್ಲ! ಎಲ್ಲರ ಗಿಡ! ಸತ್ತೋಯ್ತು!”

“ತಡಿ ಮಗಾ” ಎಂದರು ತಾತ. ಪಾಟನ್ನು ಹಳೇ ಪೇಪರಿನ ಮೇಲೆ ಬೋರಲು ಹಾಕಿದರು. ಬೇರು ಕಪ್ಪಾಗಿ, ಮುಟ್ಟಿದರೆ ಕಿತ್ತುಬರುತ್ತಿತ್ತು. ಆದರೆ ಕಾಂಡದ ಹತ್ತಿರ ನಾಲ್ಕೈದು ಬೇರು ಇನ್ನೂ ಬೆಳ್ಳಗಿದ್ದವು. ತಾತ ಪೂಜೆಗೆಂದು ಟ್ರಂಕಿನಿಂದ ತೆಗೆದಿಟ್ಟಿದ್ದ ಕುಡುಗೋಲನ್ನು ಎತ್ತಿಕೊಂಡರು. ವರ್ಷಕ್ಕೊಂದು ದಿನ ಅದಕ್ಕೆ ಕುಂಕುಮ ಹಚ್ಚಿ, ಮತ್ತೆ ಟ್ರಂಕಿಗೆ ಹಾಕುವುದು ಆ ಮನೆಯ ಪದ್ಧತಿ.

“ಮಾವ, ಅದು ಪೂಜೆಗೆ!” ಎಂದರು ಅಮ್ಮ.

“ಪೂಜೆ ಆದ್ಮೇಲೆ ಇವತ್ತು ಮುಟ್ಟಂಗಿಲ್ಲ ಕಣಮ್ಮ. ಅದಕ್ಕೇ ಈಗ್ಲೇ.”

ಕೊಳೆತದ್ದನ್ನೆಲ್ಲ ಕುಡುಗೋಲಿನ ತುದಿಯಿಂದ ಸವರಿ ತೆಗೆದರು. ಉಳಿದದ್ದು ಎರಡು ಎಲೆ ಮತ್ತು ಆ ಸುರುಳಿ. ಪಾಟನ್ನು ತೊಳೆದು, ಅಪ್ಪ ನರ್ಸರಿಯಿಂದ ತಂದ ಒಣ ಮಣ್ಣು ತುಂಬಿ, ಗಿಡ ನೆಟ್ಟರು.

“ಇನ್ನು ಮಣ್ಣಿಗೆ ಬೆರಳು ಚುಚ್ಚಿ ನೋಡು. ಒಣಗಿದ್ರೆ ಮಾತ್ರ ನೀರು” ಎಂದರು.

ಅರ್ಪಿತ ಬಿಕ್ಕುವುದನ್ನು ನಿಲ್ಲಿಸಿ ಒಳಗೆ ಓಡಿದಳು. ಜಾಮೆಟ್ರಿ ಬಾಕ್ಸಿನ ತಳದಿಂದ ಚಾರ್ಟು ತಂದು ತಾತನಿಗೆ ಕೊಟ್ಟಳು. ತಾತ ಕನ್ನಡಕ ಏರಿಸಿ ಓದಿದರು.

“ಯಾರಿದು ಬರ್ದಿರೋದು? ಅಗ್ರಿಕಲ್ಚರ್ ಆಫೀಸರಾ?”

“ಇಲ್ಲ ತಾತ. ನಚಿಕೇತ.”

“ಎಷ್ಟು ಎಕರೆ ಐತಂತೆ ಅವರಿಗೆ?”

“ಅವರು ಅಪಾರ್ಟ್‌ಮೆಂಟಲ್ಲಿ ಇರೋದು. ಬಾಲ್ಕನಿ ಇದೆ ಅಷ್ಟೆ.”

ತಾತ ಚಾರ್ಟನ್ನು ಇನ್ನೊಂದು ಸಲ ಓದಿ, ಮಡಿಚದೆ ಟೀವಿ ಪಕ್ಕ ಅಂಟಿಸಿದರು.

ಉಳಿದ ರಜೆಯಲ್ಲಿ ಮನೆಯವರಿಗೆಲ್ಲ ಒಂದೇ ಕೆಲಸ: ಏನೂ ಮಾಡದಿರುವುದು. ಅದೇ ಕಷ್ಟವಾಯಿತು. ಅಜ್ಜಿ ಅಕ್ಕಿ ತೊಳೆದ ನೀರು ಹಿಡಿದು ಟೀವಿ ಹತ್ತಿರ ಮೂರು ಸುತ್ತು ಬಂದು ವಾಪಸು ಹೋಗುತ್ತಿದ್ದರು. ಅಪ್ಪ ಬಾಟಲಿಯನ್ನು ಬ್ಯಾಗಿನಿಂದ ಹೊರಗೇ ತೆಗೆಯಲಿಲ್ಲ. ತಾತ ದಿನಾ ಬೆರಳು ಚುಚ್ಚಿ, ಬೆರಳನ್ನು ಮೂಗಿಗೆ ಹಿಡಿದು, ಸುಮ್ಮನೆ ಕೂರುತ್ತಿದ್ದರು.

ಶಾಲೆ ಶುರುವಾದ ದಿನ ಅರ್ಪಿತ ಮಾಂಟಿಯನ್ನು ಮೇಜಿನ ಮೇಲಿಟ್ಟಾಗ ಇಡೀ ಕ್ಲಾಸು ಕತ್ತು ಚಾಚಿ ನೋಡಿತು. ಐದರಲ್ಲಿ ಎರಡೇ ಎಲೆ. ಸುರುಳಿಯ ತುದಿ ಮಾತ್ರ ಕೂದಲೆಳೆಯಷ್ಟು ಬಿಚ್ಚಿಕೊಂಡಿತ್ತು.

“ನಾನು ಚಾರ್ಟ್ ಕೊಟ್ಟಿದ್ನಲ್ಲಾ!” ನಚಿಕೇತನ ಕಣ್ಣು ತುಂಬಿತು. ಅವನು ನಗುತ್ತಾನೆ ಅಂದುಕೊಂಡಿದ್ದಳು ಅರ್ಪಿತ. ಅವನು ನಗಲಿಲ್ಲ. ಅದು ಇನ್ನೂ ಕಷ್ಟವಾಯಿತು.

“ಏನಾಯ್ತು ಪುಟ್ಟಾ?” ಎಂದು ಕೇಳಿದರು ಗಿರಿಜಾದೇವಿ ಮೇಡಂ.

ಅಜ್ಜಿ, ಅಪ್ಪ, ಅಮ್ಮ, ತಾತ ಅಂತ ಹೆಸರುಗಳು ನಾಲಿಗೆ ತುದಿಗೆ ಬಂದವು. ಮಣ್ಣಿನ ಬೆರಳನ್ನು ಮೂಗಿಗೆ ಹಿಡಿದು ಕೂತ ತಾತನೂ ನೆನಪಾದರು. ಅವಳು ಬೆಂಚು ಹತ್ತಲಿಲ್ಲ.

“ನಾನು ಚಾರ್ಟ್ ಓದ್ಲಿಲ್ಲ ಮೇಡಂ. ತುಂಬಾ... ತುಂಬಾ ಚೆನ್ನಾಗಿ ನೋಡ್ಕೊಂಡ್ಬಿಟ್ಟೆ.”

“ಅಯ್ಯೋ ಪಾಪ, ಮಾಂಟಿ ಎಷ್ಟು ಸೊರಗಿದಾನೆ!” ಎಂದಳು ಮುಂದಿನ ಬೆಂಚಿನ ಸಮನ್ವಿತಾ. ಅಷ್ಟು ಸಾಕಾಯಿತು. ಟಕ್ ಟಕ್ ಅಂತ ವಾಟರ್ ಬಾಟಲಿಗಳ ಮುಚ್ಚಳ ತೆರೆದವು. ಇಡೀ ಬಿ ಸೆಕ್ಷನ್ ಬಾಟಲಿ ಹಿಡಿದು ಮೇಜಿನತ್ತ ನುಗ್ಗಿತು. ಎಲ್ಲರಿಗಿಂತ ಮುಂದೆ, ಕಣ್ಣೊರೆಸಿಕೊಳ್ಳುತ್ತಾ, ನಚಿಕೇತನೇ ಇದ್ದ.

ಅರ್ಪಿತ ಪಾಟಿನ ಮೇಲೆ ಎರಡೂ ಕೈ ಅಡ್ಡ ಇಟ್ಟಳು. ಬೆರಳುಗಳನ್ನು ಒಂದಕ್ಕೊಂದು ಒತ್ತಿ, ಸಂದು ಇಲ್ಲದ ಹಾಗೆ ಬಿಗಿಯಾಗಿ ಹಿಡಿದುಕೊಂಡಳು.