ನೀಲಾವತಿಯ ಹುಲ್ಲಿನ ಮಾಡು

ನೀಲಾವತಿ ಚಿತ್ರದಲ್ಲಿ ಬಿಡಿಸಿದ ಮನೆಯ ಮಾಡಿಗೆ ಪಾರ್ಶ್ವನಾಥ ಮಾಸ್ಟ್ರು ಕೆಂಪು ಬಣ್ಣ ಬಳಿದರು.

ಐದನೇ ಕ್ಲಾಸಿನ ಮಕ್ಕಳೆಲ್ಲ ನೋಡುತ್ತಿದ್ದರು. ಎರಡೇ ಎರಡು ಸಲ ಬ್ರಷ್ ಎಳೆದದ್ದು. ಹುಲ್ಲಿನ ಮಾಡು ಹೋಗಿ ಹಂಚಿನ ಮಾಡು ಬಂತು. ಹೂ ಬಿಟ್ಟ ಮಾವಿನ ಮರ, ಬಾವಿಕಟ್ಟೆ, ಅಂಗಳದಲ್ಲಿ ಮಲಗಿದ ನಾಯಿ ಮಾತ್ರ ಹಾಗೆಯೇ ಉಳಿದವು.

"ಈಗ ಚಂದ ಉಂಟು" ಎಂದರು ಮಾಸ್ಟ್ರು.

ಮರುದಿನ ಮೂಡುಬಿದಿರೆಯಿಂದ ಶಾಲಾ ಇನ್ಸ್‌ಪೆಕ್ಟರರು ಬರುವವರಿದ್ದರು. ಜೊತೆಗೆ ಊರಿನ ಜಮೀನಿನ ಒಡೆಯರಾದ ಧನಿಗಳು. 'ನಮ್ಮೂರಿನ ವಸಂತ' ಎಂದು ಗೋಡೆ ತುಂಬ ಚಿತ್ರ ತೂಗುಹಾಕಬೇಕಿತ್ತು. ಪಂಚವಾರ್ಷಿಕ ಯೋಜನೆ ಬಂದ ಮೇಲೂ ಹುಲ್ಲಿನ ಮನೆ ತೋರಿಸಿದರೆ ಊರಿನ ಮರ್ಯಾದೆ ಏನಾಗಬೇಕು ಎಂದು ಮಾಸ್ಟ್ರು ಕೇಳಿದರು.

ನೀಲಾವತಿಯ ಕಿವಿ ಬಿಸಿಯಾಯಿತು. ಆ ಹುಲ್ಲಿಗೆ ಅವಳು ಅರಸಿನ ಕಲಸಿ ಬಣ್ಣ ಮಾಡಿದ್ದಳು. ಒಂದೊಂದೇ ಎಳೆ ಬಿಡಿಸಲು ಎರಡು ಸಂಜೆ ಹಿಡಿದಿತ್ತು. ಸುಗ್ಗಿಯಲ್ಲಿ ಮಾಡಿಗೆ ಹೊಸ ಹುಲ್ಲು ಹಾಕುವಾಗ ಅಪ್ಪ ಮೇಲೆ ಕುಳಿತು ಕಟ್ಟುತ್ತಿದ್ದ. ಅವಳೂ ಅಮ್ಮನೂ ಕೆಳಗಿನಿಂದ ಮುಳಿಹುಲ್ಲಿನ ಕಟ್ಟು, ಸೂಡಿ ಎಸೆಯುತ್ತಿದ್ದರು. ಹೊಸ ಹುಲ್ಲು ಬಿಸಿಲಿಗೆ ಹೊಳೆಯುವ ಆ ನಾಲ್ಕು ದಿನ ಅಷ್ಟು ಚಂದದ ಮನೆ ಇಡೀ ಬೆಳುವಾಯಿ ಊರಿನಲ್ಲೇ ಇರಲಿಲ್ಲ.

ಹಂಚು ಅಪ್ಪನಿಗೂ ಬೇಕಿತ್ತು. ಆದರೆ ಮನೆ ಇದ್ದದ್ದು ಧನಿಗಳ ಜಾಗದಲ್ಲಿ. ಅವರ ಒಪ್ಪಿಗೆಯಿಲ್ಲದೆ ಒಕ್ಕಲಿನವರು ಹಂಚು ಹಾಕುವ ಹಾಗಿರಲಿಲ್ಲ. ಹೋದ ವರ್ಷ ಅಪ್ಪ ಅವರ ಅಂಗಳದಲ್ಲಿ ನಿಂತು ಕೇಳಿದ್ದ. ಧನಿಗಳು ಚಾವಡಿಯಲ್ಲಿ ಕುಳಿತಲ್ಲಿಂದಲೇ ನಕ್ಕಿದ್ದರು.

"ನನಗೂ ಹಂಚು, ನಿನಗೂ ಹಂಚು. ಆಮೇಲೆ ಯಾರು ಯಾರಿಗೆ ಗೇಣಿ ಕೊಡುವುದು ಹುಕ್ರಪ್ಪ?"

ಮನೆಗೆ ಹಿಂದೆ ಬರುವಾಗ ದಾರಿಯುದ್ದಕ್ಕೂ ಅಪ್ಪನ ಹೆಗಲಿನ ಬೈರಾಸಿನ ತುದಿ ಹಿಡಿದು ನಡೆದದ್ದು ನೀಲಾವತಿಗೆ ನೆನಪಿತ್ತು.

ಪಕ್ಕದಲ್ಲಿದ್ದ ಜುಲೈಕಾ ಅವಳನ್ನು ಮೊಣಕೈಯಿಂದ ತಿವಿದಳು. "ಸುಮ್ಮನಿರು ಮಾರಾಯ್ತಿ. ಪ್ರೈಜ್ ಸಿಗ್ತದೆ."

ಮಾಸ್ಟ್ರು ಪೆನ್ನು ಮುಂದೆ ಹಿಡಿದರು. "ಕೆಳಗೆ 'ನಮ್ಮ ಮನೆ' ಅಂತ ಬರಿ. ನಿನ್ನ ಹೆಸರೂ ಹಾಕು."

ನೀಲಾವತಿ ಚಿತ್ರ ನೋಡಿದಳು. ಅರಸಿನದ ಮೇಲೆ ಕೆಂಪು ಇನ್ನೂ ಒಣಗಿರಲಿಲ್ಲ. ನಾಳೆ ಧನಿಗಳು ಇದರ ಎದುರಿಗೇ ನಿಲ್ಲುತ್ತಾರೆ. ಒಕ್ಕಲಿನವರನ್ನು ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೀರಿ ಎಂದು ಇನ್ಸ್‌ಪೆಕ್ಟರರು ಹೊಗಳುತ್ತಾರೆ. ಧನಿಗಳು ಹೌದು ಹೌದು ಎಂದು ತಲೆಯಾಡಿಸುತ್ತಾರೆ. ಕೆಳಗೆ ಅವಳದೇ ಅಕ್ಷರ ಇರುತ್ತದೆ.

ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಬರಿ" ಎಂದರು ಮಾಸ್ಟ್ರು, ಈ ಸಲ ಗಟ್ಟಿಯಾಗಿ.

"ಇದು ನಮ್ಮ ಮನೆ ಅಲ್ಲ ಸಾರ್. ನಾನು ಬರೆಯುವುದಿಲ್ಲ."