ಮುಖವಿಲ್ಲದ ಕೂಸಿನ ಗಾಜು

"ಆ ಕೂಸಿಗೆ ಮುಖ ಬರೀಬೇಡ ಕಣಮ್ಮ. ಬರೆದ್ರೆ ನಿನ್ನ ಮನೇದೇ ಒಂದು ಮುಖ ಹೋಗುತ್ತೆ."

ಪೊರಕೆ ಹಿಡಿದು ನಿಂತಿದ್ದ ಡೀಲಿಯಾ ಅಜ್ಜಿಯ ಮಾತಿಗೆ ಎತ್ನಾ ಏಣಿಯ ಮೇಲಿಂದಲೇ ನಕ್ಕಳು. "ಡಬ್ಲಿನ್ನಲ್ಲಿ ಇಪ್ಪತ್ತು ಚರ್ಚಿನ ಗಾಜಿಗೆ ಮುಖ ಬರೆದಿದೀನಿ ಅಜ್ಜಿ. ಒಬ್ಬರೂ ಬಂದು ನನ್ನ ಮೂಗೆಲ್ಲಿ ಅಂತ ಕೇಳಿಲ್ಲ."

ಅಜ್ಜಿ ಕಿಟಕಿಗೆ ಬೆನ್ನು ಹಾಕಿ ಗುಡಿಸತೊಡಗಿದಳು.

ಐರ್ಲೆಂಡಿನ ಕನೆಮಾರಾ ಕಡಲಂಚಿನ ಆ ಚರ್ಚಿನ ಪಡುವಣ ಬಣ್ಣಗಾಜಿನ ಕಿಟಕಿಯಲ್ಲಿ ಮೇರಿ ಮಾತೆಯ ತೋಳಿನ ಕೂಸಿಗೆ ನಲವತ್ತು ವರ್ಷಗಳಿಂದ ಮುಖವಿರಲಿಲ್ಲ. ಆ ಜಾಗದಲ್ಲಿ ಬರಿಯ ಬಿಳಿ ಗಾಜು. ಬಿರುಗಾಳಿಗೆ ಒಡೆದ ಬೇರೆ ಚೂರುಗಳನ್ನು ಕೂರಿಸಲು ಬಂದಿದ್ದ ಎತ್ನಾಳಿಗೆ ಅದನ್ನು ಹಾಗೇ ಬಿಟ್ಟುಹೋಗಲು ಕೈ ಒಪ್ಪಲಿಲ್ಲ. ಜೊತೆಯಲ್ಲಿ ನಾಲ್ಕು ವರ್ಷದ ಮಗಳು ಫಿನೋಲಾ ಇದ್ದಳಲ್ಲ. ಅವಳನ್ನೇ ಮಾದರಿಗೆಂದು ಮೂರು ದಿನ ಎದುರಿಗೆ ಕೂರಿಸಿಕೊಂಡಳು.

"ಸಾಕಾ ಅಮ್ಮಾ?"

"ಇನ್ನೊಂಚೂರು. ಉಸಿರಾಡು, ಅಲುಗಾಡಬೇಡ."

ಕಂದು ಬಣ್ಣದಲ್ಲಿ ಮುಖ ಮೂಡಿತು. ಕುಲುಮೆಯಲ್ಲಿ ಬೆಂದು ಗಾಜಿಗೇ ಅಂಟಿತು. ಸೀಸದ ಪಟ್ಟಿಯ ನಡುವೆ ಅದನ್ನು ಕೂರಿಸಿದ ಮಧ್ಯಾಹ್ನ ಬಿಸಿಲು ಹಾದುಬಂದು ಫಿನೋಲಾಳ ಮೇಲೆ ಬಿತ್ತು. ಮೇಣದ ಕಮಟು ವಾಸನೆಯ ನಡುವೆ ಮಗು ಒಮ್ಮೆ ನಡುಗಿತು.

ಮರುದಿನ ಅವಳ ತುಟಿಯ ಬಣ್ಣ ಹೋಯಿತು. ಅದರ ಮರುದಿನ ಮಾತು ನಿಂತಿತು. ಮೂರನೆಯ ದಿನ ತಲೆ ಬಾಚಲು ಕೂತ ಎತ್ನಾ ಮಗಳ ಗಲ್ಲ ಎತ್ತಿದಳು. ಹುಬ್ಬಿಲ್ಲ. ಅಲೆ ಸವರಿ ಹೋದ ಮರಳಿನ ಹಾಗೆ ಕೆನ್ನೆ ನುಣ್ಣಗೆ, ತಣ್ಣಗೆ. ಮೂಗು ಬೆರಳಡಿಯಲ್ಲೇ ಕರಗುತ್ತಿತ್ತು.

ಎತ್ತಿಕೊಂಡು ಓಡಿದಳು. ಚರ್ಚಿನೊಳಗೆ ಕತ್ತಲೆ. ಕಿಟಕಿ ಮಾತ್ರ ಉರಿಯುತ್ತಿತ್ತು. ಗಾಜಿನ ಕೂಸಿನ ತುಟಿ ಕೆಂಪಗಿತ್ತು. ಎತ್ನಾ ಕೆಂಪು ಬಳಿದೇ ಇರಲಿಲ್ಲ.

"ಶಾಪ ಹಾಕಿದೋಳು ನಾನೇ," ಎಂದಳು ಅಲ್ಲೇ ಗುಡಿಸುತ್ತಿದ್ದ ಡೀಲಿಯಾ ಅಜ್ಜಿ, ನೆಲ ನೋಡುತ್ತ. "ನನ್ನ ಕೂಸು ದೀಕ್ಷಾಸ್ನಾನಕ್ಕೆ ಮೊದಲೇ ಹೋಯ್ತು. ಅದಕ್ಕೇ ಪಾದ್ರಿ ಚರ್ಚಿನ ಸ್ಮಶಾನದ ಗೋಡೆಯೊಳಗೆ ಹೂಳೋಕೆ ಜಾಗ ಕೊಡಲಿಲ್ಲ. ಆಚೆ ಮುಳ್ಳಿನ ದಿಬ್ಬದಲ್ಲಿ ಹೂತ್ವಿ. ಅದೇ ವಾರ ಈ ಕಿಟಕಿ ಬಂತು. ನನ್ನ ಕೂಸಿನ ಮುಖ ಯಾರೂ ನೋಡಲಿಲ್ಲ, ಇದಕ್ಕೂ ಮುಖ ಬೇಡ, ಬರೆದೋರ ಮಗುವಿನ ಮುಖ ಅಳಿಸಿಹೋಗಲಿ ಅಂದೆ. ಬರೆಯೋನು ಹೆದರಿ ಬಿಟ್ಟುಹೋದ."

"ವಾಪಸ್ ತಗೋ ಅಜ್ಜಿ."

"ಆಗೋ ಹಾಗಿದ್ರೆ ನಲವತ್ತು ವರ್ಷ ಇಲ್ಲಿ ಕಸ ಗುಡಿಸ್ತಿದ್ನಾ?" ಅಜ್ಜಿ ಕಿಟಕಿಯ ಕಡೆ ಕೈ ತೋರಿದಳು. "ಆ ಮುಖದ ಗಾಜು ಬಿಚ್ಚಿ ದಿಬ್ಬದಲ್ಲಿರೋ ನನ್ನ ಕೂಸಿಗೆ ಕೊಡು. ಇವಳ ಮುಖ ಇವಳಿಗೆ ಉಳಿಯುತ್ತೆ. ಆದ್ರೆ ನಿನ್ನ ಕಣ್ಣಿಗೆ ಮಾತ್ರ ಅದು ಇನ್ನು ಕಾಣಲ್ಲ."

ಎತ್ನಾ ಮಗಳನ್ನು ಅಜ್ಜಿಯ ಕೈಗೆ ಕೊಟ್ಟು ಏಣಿ ಹತ್ತಿದಳು. ಸೀಸ ಸೀಳಿದಳು. ಬೆರಳು ಕುಯ್ದುಹೋಯಿತು. ಗಾಜು ಬೆಚ್ಚಗಿತ್ತು, ಮಗುವಿನ ಕೆನ್ನೆಯಷ್ಟೇ. ದಿಬ್ಬಕ್ಕೆ ಓಡಿದಳು. ಮುಳ್ಳು. ಗಾಳಿ. ಕಡಲಕಳೆಯ ಕೊಳೆತ ನಾತ. ಕೂಸಿನ ಗುರುತಿಗಿಟ್ಟ ಪುಟ್ಟ ಬಿಳಿಗಲ್ಲಿನ ಬುಡವನ್ನು ಉಗುರಲ್ಲೇ ಬಗೆದಳು. ಇಟ್ಟಳು. ಮುಚ್ಚಿದಳು.

ಹಿಂದಿನಿಂದ ದನಿ ಬಂತು. "ಅಮ್ಮಾ, ಹಸಿವು."

ಅಜ್ಜಿಯ ಸೊಂಟದ ಮೇಲೆ ಫಿನೋಲಾ ಇದ್ದಳು. "ಕೆನ್ನೆ ಎಷ್ಟು ಕೆಂಪಾಗಿದೆ ನೋಡು," ಎಂದ ಅಜ್ಜಿ ತಕ್ಷಣ ಬಾಯಿ ಮುಚ್ಚಿಕೊಂಡಳು.

ಎತ್ನಾ ಮಣ್ಣಿನ ಕೈಯಿಂದಲೇ ಮಗಳನ್ನು ತಡವಿದಳು. ಮೂಗಿತ್ತು. ಒದ್ದೆ ರೆಪ್ಪೆಯಿತ್ತು. ನಗುವಾಗ ಬೀಳುವ ಕುಳಿಯೂ ಬೆರಳಿಗೆ ಸಿಕ್ಕಿತು. ಕಣ್ಣಿಗೆ ಮಾತ್ರ ಬರಿಯ ಬಿಳಿ ಗಾಜು. ಹೇಗಿದ್ದಳು ಎಂದು ನೆನೆಯಲು ಹೋದರೆ ಅಲ್ಲಿಯೂ ಗಾಜೇ.

"ಯಾಕಮ್ಮಾ ನನ್ನ ಕಡೆ ನೋಡ್ತಾ ಇಲ್ಲ?" ಎಂದಿತು ಮಗು. ಆಮೇಲೆ ಕೆಳಗಿಳಿದು ಕೈ ಮಡಚಿಕೊಂಡು ಹುಲ್ಲಿನ ಮೇಲೆ ನೆಟ್ಟಗೆ ಕೂತಿತು. "ನೋಡು, ಈಗ ಅಲುಗಾಡಲ್ಲ."