ಡಬ್ಬಿಯೊಳಗಿನ ಕೆಂಪು ಎಣ್ಣೆ

ಬೆಳಿಗ್ಗೆ ಏಳಕ್ಕೆ, ತಿರುವಿನ ಗೋಡೆಗೆ ಅಪ್ಪಳಿಸಿದ ಸ್ಪೋರ್ಟ್ಸ್ ಕಾರಿನೊಳಗೆ ರೇಸ್ ಚಾಲಕನ ಹೆಣ ಸಿಕ್ಕಿತು. ರಸ್ತೆಯ ಮೇಲೆ ಟೈರು ಉಜ್ಜಿದ ಗುರುತೇ ಇಲ್ಲ. ಬ್ರೇಕ್ ಹಿಡಿದಿರಲಿಲ್ಲ.

ಇನ್ಸ್‌ಪೆಕ್ಟರ್ ಒಳಗೆ ಬಗ್ಗಿ ನೋಡಿದಳು. ಕ್ಲಚ್ ಪೆಡಲ್ ಕೂಡ ನೆಲಕ್ಕೆ ಅಂಟಿತ್ತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ.

ಬಾನೆಟ್ ಎತ್ತಿಸಿದಳು. ಹಳದಿ ಬ್ರೇಕ್ ಆಯಿಲ್ ಇರಬೇಕಾದ ಡಬ್ಬಿಯಲ್ಲಿ ಸ್ಟಿಯರಿಂಗ್‌ಗೆ ಹಾಕುವ ಕೆಂಪು ಎಣ್ಣೆ. ಅದು ತಗುಲಿದರೆ ಒಳಗಿನ ರಬ್ಬರೆಲ್ಲ ಊದಿಕೊಂಡು ಕೈಕೊಡುತ್ತದೆ. ಮೂರು ದಿನದ ಹಿಂದೆ ಬ್ರೇಕ್ ಆಯಿಲ್ ಬದಲಿಸಿದವನು ಮುದುಕ ಮೇಸ್ತ್ರಿ. ಅವನ ಗ್ಯಾರೇಜಿನಲ್ಲೂ ಅದೇ ಕೆಂಪು ಎಣ್ಣೆಯ ಬಾಟಲಿ ಇತ್ತು.

ಮಧ್ಯಾಹ್ನದೊಳಗೆ ಅವನು ಲಾಕಪ್ಪಿನಲ್ಲಿದ್ದ.

"ಕೆಂಪಿಗೂ ಹಳದಿಗೂ ವ್ಯತ್ಯಾಸ ತಿಳೀದಷ್ಟು ಕಣ್ಣು ಮಂಜಾಗಿಲ್ಲ ಮೇಡಂ."

"ಕಣ್ತಪ್ಪು ಯಾರಿಗಾದರೂ ಆಗುತ್ತೆ."

"ನನಗಾದರೆ ಕೊಲೆಗಾರ ಅಂತಾರೆ. ಇನ್ನು ಯಾರು ಗಾಡಿ ಕೊಡ್ತಾರೆ ನನ್ನ ಕೈಗೆ? ಚಕ್ರದ ಹತ್ತಿರ ಆಯಿಲ್ ಬಸಿಯೋ ನಿಪ್ಪಲ್ ಬಿಚ್ಚಿ ನೋಡಿ. ಹಳೇದೆಲ್ಲ ಹೋಗಿ ಹೊಸದು ಬರೋವರೆಗೂ ಬಸಿದಿದೀನಿ."

ಅವಳಿಗೆ ಚುರುಕ್ ಎಂದಿತು. ಬಂಧನದ ಕಾಗದಕ್ಕೆ ಅವಸರದಲ್ಲಿ ಸಹಿ ಹಾಕಿದವಳು ಅವಳೇ.

* * *

ಕಾರನ್ನು ಎಳೆದು ತಂದಿದ್ದ ಠಾಣೆಯ ಶೆಡ್ಡಿನಲ್ಲಿ ಅವಳು ಎರಡು ಲೋಟ ನೀರು ಇಟ್ಟಳು. ಚಕ್ರದಿಂದ ಬಸಿದ ತಿಳಿಹಳದಿ ದ್ರವ ನೀರಿನಲ್ಲಿ ಬೆರೆತುಹೋಯಿತು. ಡಬ್ಬಿಯ ಕೆಂಪು ಎಣ್ಣೆ ಮೇಲೆ ತೇಲಿತು.

ಅಷ್ಟರಲ್ಲಿ ಸತ್ತವನ ತಮ್ಮ ಬಂದ. ಅವನೂ ಚಾಲಕನೇ. ಅಣ್ಣ ಇಳಿಯದ ರೇಸಿಗೆ ಮಾತ್ರ ಅವನನ್ನು ಕರೆಯುತ್ತಿದ್ದರು.

"ಆ ಮುದುಕನ್ನ ಬಿಡಬೇಡಿ ಮೇಡಂ."

"ಬಾನೆಟ್ ಬೇರೆ ಯಾರಾದರೂ ಎತ್ತಿದ್ರಾ?"

"ನಾನಂತೂ ಮುಟ್ಟಿಲ್ಲ. ಕೈ ಮಸಿ ಮಾಡ್ಕೊಳ್ಳೋ ಜಾಯಮಾನ ನಂದಲ್ಲ." ಅವನು ನಜ್ಜುಗುಜ್ಜಾದ ಕಾರನ್ನೇ ನೋಡುತ್ತಿದ್ದ. "ಕ್ಲಚ್ ಹೋದರೆ ಗಾಡಿ ನಿಲ್ಲಬೇಕಲ್ವಾ? ಮನುಷ್ಯ ಯಾಕೆ ಸಾಯಬೇಕು?"

ಅವಳ ಪೆನ್ನು ನಿಂತಿತು.

"ಕ್ಲಚ್ ಅಂತ ಯಾರು ಹೇಳಿದ್ರು? ಬೆಳಿಗ್ಗೆಯಿಂದ ಎಲ್ಲರ ಬಾಯಲ್ಲೂ ಬ್ರೇಕ್ ಒಂದೇ."

ಅವನು ಬಾಗಿಲ ಕಡೆಗೆ ಒಂದು ಹೆಜ್ಜೆ ಹಿಂದಿಟ್ಟ.

"ಮೇಸ್ತ್ರಿ ತಪ್ಪಿದ್ದರೆ ಚಕ್ರದವರೆಗೂ ಕೆಂಪೇ ಬರಬೇಕಿತ್ತು. ಅಲ್ಲಿ ಬಂದದ್ದು ಸರಿಯಾದ ಆಯಿಲ್. ಅಂದರೆ ಆಮೇಲೆ ಯಾರೋ ಡಬ್ಬಿಯದಷ್ಟನ್ನೇ ತೆಗೆದು ಕೆಂಪು ತುಂಬಿದ್ದಾರೆ. ಕ್ಲಚ್ ಕೆಡಲಿ ಅಂತ."

"ಅಣ್ಣನಿಗೆ ಭಾನುವಾರದ ರೇಸ್ ಒಂದು ತಪ್ಪಲಿ ಅಂತ, ಅಷ್ಟೇ!" ಎಂದು ಅವನು ಕೂಗಿದ. "ಕ್ಲಚ್ ಪೈಪ್ ಆ ಡಬ್ಬಿಯಿಂದ ಹೊರಟಿತ್ತು. ಬ್ರೇಕಿಗೆ ಬೇರೆ ಡಬ್ಬಿ ಇರುತ್ತೆ ಅಂದ್ಕೊಂಡೆ. ನನ್ನ ಕಾರಲ್ಲಿ ಬೇರೇನೇ ಇದೆ."

"ಇದರಲ್ಲಿ ಎರಡಕ್ಕೂ ಅದೇ ಡಬ್ಬಿ."

ಅವನು ಬಗ್ಗಿ, ಆ ಡಬ್ಬಿಯಿಂದ ಹೊರಟ ಪೈಪುಗಳನ್ನು ಬೆರಳಿಟ್ಟು ಎಣಿಸಿದ.

* * *

ಲಾಕಪ್ಪಿನ ಬೀಗ ಅವಳೇ ತೆಗೆದಳು. ನಡೆದದ್ದನ್ನು ಹೇಳಿದಳು.

"ತಪ್ಪಾಯ್ತು ಮೇಸ್ತ್ರಿ."

ಮುದುಕ ಹೊರಗೆ ಬಂದು ಚಪ್ಪಲಿ ಮೆಟ್ಟಿದ.

"ಇದ್ದದ್ದು ಇಬ್ಬರೇ ಮಕ್ಕಳು," ಎಂದ. "ಆ ತಾಯಿಗೆ ಯಾರು ಹೇಳ್ತಾರೆ?"

"ನಾನೇ ಹೇಳಬೇಕು," ಎಂದಳು ಅವಳು.